ಕಾಲ ಮೇಲಿನ ಮೊಟ್ಟೆ

"ಚಿಂವ್."

ಸದ್ದು ತೀರ ಸಣ್ಣದು. ಮಮತ ಕಂಬಳಿಯಿಂದ ತಲೆ ಹೊರಗೆ ಹಾಕಿದಳು. ಮೂಲೆಯ ಕುಕ್ಕೆಯಲ್ಲಿ ಕೆಂಚಿ ಕೋಳಿ ಹನ್ನೊಂದು ಮೊಟ್ಟೆಗಳ ಮೇಲೆ ಕಾವು ಕೂತಿತ್ತು.

"ಕೇಳ್ತಾ ಅಮ್ಮಿ?" ಕತ್ತಲಲ್ಲೇ ಅಜ್ಜಿ ಚೌಡಮ್ಮ ಪಿಸುಗುಟ್ಟಿದಳು. "ಮೊಟ್ಟೆ ಒಳಗಿಂದ್ಲೇ ಮಾತಾಡ್ತಾವೆ. ಬೆಳಿಗ್ಗೆಗೆ ಎಲ್ಲಾ ಒರಗೆ."

ಎಲ್ಲಾ! ಮಮತ ತಲೆಯನ್ನು ಮತ್ತೆ ಒಳಗೆ ಎಳೆದುಕೊಂಡಳು.

ಶಾಲೆಯ ಟಿ.ವಿ.ಯಲ್ಲಿ ಎಂಪರರ್ ಪೆಂಗ್ವಿನ್ ವಿಡಿಯೋ ನೋಡಿದಂದಿನಿಂದ ಅವಳಿಗೆ ಅದೇ ಗುಂಗು. ತಾಯಿ ಪೆಂಗ್ವಿನ್ ಒಂದೇ ಮೊಟ್ಟೆ ಇಟ್ಟು ಸಮುದ್ರಕ್ಕೆ ಹೋಗುತ್ತದೆ. ತಂದೆ ಅದನ್ನು ಪಾದಗಳ ಮೇಲಿಟ್ಟುಕೊಂಡು, ಹೊಟ್ಟೆಯ ಚರ್ಮ ಹೊದಿಸಿ, ಎರಡು ತಿಂಗಳು ಏನೂ ತಿನ್ನದೆ ಹಿಮದಲ್ಲಿ ನಿಲ್ಲುತ್ತದೆ. ತಾಯಿಯ ಕಾಲಿನಿಂದ ತಂದೆಯ ಕಾಲಿಗೆ ದಾಟುವಾಗ ಮೊಟ್ಟೆ ಜಾರಿದರೆ ಮುಗಿಯಿತು.

ಇವತ್ತು ಸಂಜೆಯಷ್ಟೇ, ಅಜ್ಜಿ ಹುಲ್ಲಿಗೆ ಹೋಗಿದ್ದಾಗ, ಮಮತ ಒಂದು ಮೊಟ್ಟೆ ತೆಗೆದಿದ್ದಳು. ತಮ್ಮ ಮಣಿ ತಾಯಿ, ಅವಳು ತಂದೆ.

"ಮೆಲ್ಲಗೆ ತಳ್ಳು. ಕೈ ಮುಟ್ಟಂಗಿಲ್ಲ!"

"ನಂಗೆ ಚಳಿ ಕಣಕ್ಕ."

"ಪೆಂಗ್ವಿನ್‌ಗೆ ಚಳಿ ಆಗಲ್ಲ ಕಣ್ಲಾ. ತಳ್ಳು!"

ಟಕ್.

ಮೊಟ್ಟೆ ಒಡೆಯಲಿಲ್ಲ. ಕೂದಲೆಳೆಯಷ್ಟು ಬಿರುಕು ಮಾತ್ರ. ಮಮತ ಅದನ್ನು ಕೆಂಚಿಯ ಕೆಳಗೆ ತಳ್ಳಿ, "ಯಾರ್ಗೂ ಏಳ್ಬೇಡ" ಎಂದು ಮಣಿಯಿಂದ ಆಣೆ ಮಾಡಿಸಿಕೊಂಡಿದ್ದಳು.

ಬೆಳಿಗ್ಗೆ ಹತ್ತು ಮರಿಗಳು ಹೊರಬಂದವು. ಒಂದು ಮೊಟ್ಟೆ ಹಾಗೇ ಉಳಿಯಿತು. ಅಜ್ಜಿ ಅದನ್ನು ಕಿವಿಗಿಟ್ಟು ಕೇಳಿದಳು. ಬಿರುಕಿನ ಮೇಲೆ ಬೆರಳಾಡಿಸಿದಳು.

"ಕೆಂಚಿ ತುಳ್ದುಬುಟ್ಟವ್ಳೆ. ಕಾಲ ಮೇಲೆ ಗ್ಯಾನ ಇಲ್ಲ ಇವಳ್ಗೆ."

ಮೊಸರಿಗೆಂದು ಬಂದಿದ್ದ ಪಕ್ಕದ ಮನೆಯ ವಸಂತಮ್ಮ ನಕ್ಕಳು. "ಇಂತಾ ಕೋಳಿ ಯಾಕಕ್ಕ? ನಂಗೆ ಕೊಡು, ಸಾರಾದ್ರೂ ಆಯ್ತದೆ."

"ಮರಿ ಬಲೀಲಿ. ಒಯ್ಯುವಂತೆ."

ಕೆಂಚಿ ಕುಕ್ಕೆಯಿಂದ ಇಳಿಯಿತು. ಮರಿಗಳು ಅದರ ಕಾಲಿಗೇ ಸುತ್ತಿಕೊಂಡಿದ್ದವು. ಅದು ಒಂದು ಕಾಲೆತ್ತಿ ಗಾಳಿಯಲ್ಲೇ ಹಿಡಿದು, ಜಾಗ ನೋಡಿ, ಮರಿಗಳ ನಡುವೆ ಮೆಲ್ಲಗೆ ಊರಿತು. ಆಮೇಲೆ ಇನ್ನೊಂದು ಕಾಲು. ಒಂದು ಮರಿಗೂ ತಾಗಲಿಲ್ಲ.

ವಸಂತಮ್ಮ ಹೋದ ಮೇಲೆ ಮಮತ ಅಜ್ಜಿಯ ಸೆರಗು ಹಿಡಿದಳು.

"ಅಜ್ಜಿ, ಕೆಂಚಿ ತುಳೀಲಿಲ್ಲ. ನಾನು... ಕಾಲ ಮೇಲೆ ಇಟ್ಕಂಡಿದ್ದೆ."

"ಕಾಲ ಮೇಲ್ಯಾ? ಯಾಕಮ್ಮಿ?"

"ಪೆಂಗ್ವಿನ್ ಅಪ್ಪ ಅಂಗೇ ಮಾಡ್ತದೆ."

ಪೆಂಗ್ವಿನ್ ಎಂದರೇನೆಂದು ಚೌಡಮ್ಮನಿಗೆ ಗೊತ್ತಿರಲಿಲ್ಲ. ಅವಳು ಮೊಮ್ಮಗಳ ಮಣ್ಣುಗಾಲುಗಳನ್ನೇ ನೋಡಿದಳು. ಬೈಯಲಿಲ್ಲ. ಮೊಟ್ಟೆಯನ್ನು ಹಿತ್ತಲಿಗೆ ಒಯ್ದು ಹೂತು ಬಂದಳು.

ಸಂಜೆ ಬೇಲಿಯಾಚೆಯಿಂದ ವಸಂತಮ್ಮ ಕೂಗಿದಳು. "ಕೋಳಿ ನೆಪ್ಪಿರ್ಲಿ ಕಣಕ್ಕ!"

"ಕೊಡಕ್ಕಿಲ್ಲ ಕಣವ್ವ. ಮೊಟ್ಟೆ ಬೀಳ್ಸಿದ್ದು ನಾನೇ. ಕೈ ನಡುಗ್ತು."

"ವಯಸ್ಸಾಯ್ತು ಬುಡು ನಿಂಗೆ!"

"ಊಂ, ಆಯ್ತು" ಎಂದು ಅಜ್ಜಿಯೂ ನಕ್ಕಳು.

"ಅಲ್ಲ, ಅಕ್ಕ ತಾನೆ..." ಎಂದು ಮಣಿ ಶುರುಮಾಡಿದ. ಅಜ್ಜಿ ಅವನ ಬಾಯಿಗೆ ಬೆಲ್ಲದ ಚೂರು ಇಟ್ಟಳು. ಮಮತಳ ಕಡೆ ತಿರುಗಲೇ ಇಲ್ಲ.

ದೀಪದ ಬೆಳಕಲ್ಲೂ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುವ ಕೈ ಅಜ್ಜಿಯದು. ಮಮತಳ ಮುಖ ಬಿಸಿಯಾಯಿತು. ಎರಡು ಏಟು ಕೊಟ್ಟಿದ್ದರೆ ವಾಸಿ ಇತ್ತು. ಅಜ್ಜಿ ಇದನ್ನು ಅಪ್ಪನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ.

ಕೆಂಚಿ ರೆಕ್ಕೆ ಅಗಲಿಸಿತು. ಹತ್ತು ಮರಿಗಳೂ ಒಳಗೆ ನುಗ್ಗಿದವು.

ಮಮತ ತನ್ನ ಕಾಲುಗಳನ್ನು ಲಂಗದೊಳಗೆ ಎಳೆದುಕೊಂಡು ಕೂತಳು.