ಭಾನುವಾರದ ನೇರಪ್ರಸಾರ

ಜನರ ಹಿಮ್ಮಡಿಗಳನ್ನು ನೋಡಿ ನೋಡಿ ಅವನಿಗೆ ಮನುಷ್ಯಜಾತಿಯ ಮೇಲೇ ವಾಕರಿಕೆ ಬಂದಿತ್ತು. ಬಿರಿದ ಹಿಮ್ಮಡಿ, ಕೊಳೆತ ಉಗುರು, ಬೆರಳ ಸಂದಿಯ ಬಿಳಿ ಸಿಪ್ಪೆ. ಕಾಲಿಗೆ ಹಚ್ಚುವ ಮುಲಾಮು ಮಾರುವವನೊಬ್ಬನಿಗೆ ಸೋಶಿಯಲ್ ಮೀಡಿಯಾ ಸಲಹೆಗಾರನಾದ ಮೇಲೆ ಬೆಳಗಾದರೆ ಅವನಿಗೆ ಇದೇ ದರ್ಶನ.

ಮೊದಲಿನಿಂದಲೂ ಇದೇ ಕೆಲಸದವನಲ್ಲ. ರೇಡಿಯೊದಲ್ಲಿ ಹವಾಮಾನ ಓದಿದ್ದ, ನಾಟಕದವರಿಗೆ ಬಣ್ಣ ಹಚ್ಚಿದ್ದ, ಕಾರ್ಟೂನಿನ ನರಿಗೂ ಕತ್ತೆಗೂ ಕಂಠ ಕೊಟ್ಟಿದ್ದ, ಬಣ್ಣದ ಮೀನಿನ ಅಂಗಡಿ ಇಟ್ಟು ಮುಳುಗಿಸಿದ್ದ. ಮೀನನ್ನೂ ಮುಳುಗಿಸಿದವನು ಲೋಕದಲ್ಲಿ ನೀನೊಬ್ಬನೇ ಕಣೋ ಎಂದು ಅಕ್ಕ ಇಂದಿಗೂ ನಗುತ್ತಿದ್ದಳು. ಕೊನೆಗೆ ಕೈಗೆ ಹತ್ತಿದ್ದು ಈ ಕಸುಬು. ಇನ್ನೊಬ್ಬರ ಹೆಸರಿನಲ್ಲಿ ಬರೆಯುವುದು, ಇನ್ನೊಬ್ಬರ ಬಾಯಲ್ಲಿ ನಗುವುದು.

ಮುಲಾಮಿನವನು ತನ್ನನ್ನು ತಾನೇ ‘ಪಾದದ ಡಾಕ್ಟರ್’ ಎಂದು ಕರೆದುಕೊಳ್ಳುತ್ತಿದ್ದ. ವೈದ್ಯ ಓದಿದವನೇನಲ್ಲ. ಅವನು ಹೇಳಿದಂತೆ ಇವನು ಚೆನ್ನಾಗಿದ್ದ ಕಾಲುಗಳಿಗೆ ನಾಟಕದ ಬಣ್ಣದಲ್ಲಿ ಹುಣ್ಣು ಬರೆದು ಒಂದು ಫೋಟೋ ತೆಗೆಯುತ್ತಿದ್ದ, ಒರೆಸಿ ಇನ್ನೊಂದು. ಮೊದಲು ಹೀಗೆ, ಆಮೇಲೆ ಹೀಗೆ. ಜನ ಮುಗಿಬಿದ್ದು ಕೊಂಡರು. ಹಾಗೆ ಕೊಂಡ ಒಬ್ಬ ಮುದುಕಿಯ ಕಾಲು ಕೀವು ತುಂಬಿ, ಅದನ್ನು ಕತ್ತರಿಸಬೇಕಾಯಿತು.

ಪಾದದ ಡಾಕ್ಟರ್ ಅವನನ್ನು ಕರೆಸಿ ಹೇಳಿದ: “ನೋಡಯ್ಯ, ಸೋಮವಾರ ನಾನು ಪೊಲೀಸರ ಮುಂದೆ ಹೇಳಿಕೆ ಕೊಡಬೇಕು. ಆ ಫೋಟೋಗಳೆಲ್ಲ ನಿನ್ನ ಕೈವಾಡ, ನಂಗೇನೂ ಗೊತ್ತಿಲ್ಲ ಅಂತೀನಿ.”

“ನೀವೇ ಹೇಳಿ ಮಾಡಿಸಿದ್ದಲ್ವಾ ಸಾರ್?”

“ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಎಲ್ಲಿದೆ?” ಎನ್ನುತ್ತ ಅವನು ತನ್ನ ಹಿಮ್ಮಡಿಯಿಂದ ಒಂದು ಸಿಪ್ಪೆ ಕಿತ್ತು ಚಿಮ್ಮಿಸಿದ. ಅದು ಇವನ ಕಾಫಿ ಲೋಟದೊಳಕ್ಕೆ ಬಿತ್ತು.

ಲೋಟವನ್ನು ಮೆಲ್ಲಗೆ ದೂರ ಸರಿಸುವಷ್ಟರಲ್ಲಿ ಇವನು ತೀರ್ಮಾನಿಸಿಯಾಗಿತ್ತು: ಸೋಮವಾರದೊಳಗೆ ಆ ಬಾಯಿ ಮುಚ್ಚಬೇಕು. ಕಾಲು ಕಳೆದುಕೊಂಡ ಮುದುಕಿಯ ನೆನಪು ಮಾತ್ರ ಅವನಿಗೆ ಆಗಲೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಪ್ರತಿ ಭಾನುವಾರ ಮಧ್ಯಾಹ್ನ ಮುಲಾಮಿನ ಮಾಲೀಕ ತನ್ನ ಗೋದಾಮಿಗೆ ಒಬ್ಬನೇ ಬಂದು ಮುಲಾಮು ಕಲಸುತ್ತಿದ್ದ. ಅಟ್ಟದ ಮೆಟ್ಟಿಲೆಲ್ಲ ಜಿಡ್ಡು. ಜಾರಿ ಬಿದ್ದನೆಂದರೆ ಯಾರೂ ಹುಬ್ಬೇರಿಸುವುದಿಲ್ಲ. ಅಕಸ್ಮಾತ್ ಏರಿಸಿದರೆ? ಅದಕ್ಕೂ ಉತ್ತರವಿತ್ತು. ಆ ಹೊತ್ತಿನಲ್ಲಿ ಇವನು ತನ್ನ ಕೋಣೆಯಲ್ಲಿ ಕುಳಿತು, ಮೀನಿನ ತೊಟ್ಟಿ ತೊಳೆಯುವುದು ಹೇಗೆಂದು ನೇರಪ್ರಸಾರದಲ್ಲಿ ಹೇಳಿಕೊಡುತ್ತಿರುತ್ತಾನೆ, ನೋಡುವ ಅಷ್ಟೂ ಜನರ ಕಣ್ಣೆದುರಿಗೆ.

ಶನಿವಾರವೇ ಅದನ್ನು ರೆಕಾರ್ಡ್ ಮಾಡಿದ. ಗೋಡೆಯ ಗಡಿಯಾರವನ್ನು ಭಾನುವಾರದ ವೇಳೆಗೆ ಸರಿಯಾಗಿ ತಿರುಗಿಸಿಟ್ಟ. ಕಿಟಕಿಯ ಪರದೆ ಎಳೆದು, ಬಿಸಿಲು ಎಷ್ಟಿದೆಯೆಂದು ಯಾರಿಗೂ ತಿಳಿಯದಂತೆ ಮಾಡಿದ. ಯಾರ್ಯಾರದೋ ಹೆಸರಲ್ಲಿ ತಾನೇ ಸಾಕಿಕೊಂಡಿದ್ದ ಖಾತೆಗಳಿಂದ ಪ್ರಶ್ನೆಗಳು ಹೊತ್ತಿಗೆ ಸರಿಯಾಗಿ ಬರುವಂತೆ ಜೋಡಿಸಿದ. ರೆಕಾರ್ಡಿನಲ್ಲಿ ಆ ಪ್ರಶ್ನೆಗಳಿಗೆ ನಗುನಗುತ್ತ ಉತ್ತರಿಸಿದ. ನಡುವೆ ಒಮ್ಮೆ ಸೀನಿ, “ಕ್ಷಮಿಸಿ” ಎಂದ. ಆ ಸೀನಿನ ಬಗ್ಗೆ ಅವನಿಗೆ ವಿಶೇಷ ಹೆಮ್ಮೆ. ನೋಡುವವರ ಬಗ್ಗೆ ಮಾತ್ರ ತಿರಸ್ಕಾರ. ಏನು ಹಾಕಿದರೂ ಬಾಯ್ಬಿಟ್ಟುಕೊಂಡು ಮೇಲೆ ಬರುವ ಮೀನುಗಳು!

ಭಾನುವಾರ ಕಂಪ್ಯೂಟರಿನಲ್ಲಿ ಪ್ರಸಾರ ಶುರುವಾಗುವಂತೆ ಇಟ್ಟು, ಅದರ ಪರದೆ ಆರಿಸಿ, ಫೋನನ್ನು ಕೋಣೆಯಲ್ಲೇ ಬಿಟ್ಟು, ಬೀಗ ಹಾಕಿ ಹೊರಟ. ಗೋದಾಮಿನಲ್ಲಿ ಕಮಟು ಎಣ್ಣೆಯ ವಾಸನೆ ಗಂಟಲಿಗೆ ಅಂಟುವಂತಿತ್ತು. ಅಟ್ಟದ ತುದಿಯಲ್ಲಿ ನಿಂತಿದ್ದ ಮಾಲೀಕ ತಿರುಗಿ, “ಏನಯ್ಯ ಇವತ್ತು?” ಎಂದ. ಒಂದು ತಳ್ಳು ಸಾಕಾಯಿತು. ಕೆಳಗೆ ಬಿದ್ದವನ ಒಂದು ಚಪ್ಪಲಿ ಕಳಚಿ, ಬರಿಗಾಲು ಮೇಲೆದ್ದು ನಿಂತಿತ್ತು. ಹಿಮ್ಮಡಿ ಬಿರಿದಿತ್ತು. ತನ್ನ ಮುಲಾಮನ್ನು ತಾನೇ ಹಚ್ಚಿಕೊಳ್ಳದ ಹೇಸಿಗೆಯವನು ಎಂದುಕೊಂಡು ಅವನು ಮನೆಗೆ ಬಂದು, ಕೈಯನ್ನು ಸಾಬೂನು ಹಚ್ಚಿ ತಿಕ್ಕಿ ತಿಕ್ಕಿ ತೊಳೆದ.

ಎರಡು ದಿನ ಬಿಟ್ಟು ಇನ್ಸ್‌ಪೆಕ್ಟರ್ ಬಂದರು. ಮಾಲೀಕ ಸತ್ತ ಸುದ್ದಿ ಕೇಳಿ ಗಾಬರಿಯಿಂದ ಓಡಿಬಂದಿದ್ದ ಅಕ್ಕ ಚಹಾ ಮಾಡಿಕೊಟ್ಟಳು. ಅವನು ತಾನಾಗಿ ಏನೂ ಹೇಳಲಿಲ್ಲ. ಭಾನುವಾರ ಮಧ್ಯಾಹ್ನ ಎಲ್ಲಿದ್ದಿರಿ ಎಂದು ಕೇಳಿದ ಮೇಲೆ, ನೆನಪು ಮಾಡಿಕೊಂಡವನಂತೆ, ಪ್ರಸಾರವನ್ನು ತೋರಿಸಿದ. ಇನ್ಸ್‌ಪೆಕ್ಟರ್ ಗಡಿಯಾರ ನೋಡಿದರು, ಪ್ರಶ್ನೆಗಳನ್ನು ಓದಿದರು, ಸೀನಿದಾಗ ಸಣ್ಣಗೆ ನಕ್ಕರು. “ಆಯ್ತು ಬಿಡಿ, ನಿಮಗೆ ಸುಮ್ಮನೆ ತೊಂದರೆ ಕೊಟ್ಟೆ,” ಎಂದು ಎದ್ದರು.

“ಅದೇ ಸಾರ್, ಅದೇ!” ಎಂದಳು ಅಕ್ಕ, ತಮ್ಮನ ಮೇಲಿನ ಹೆಮ್ಮೆ ತಡೆಯಲಾರದೆ. “ಇವನ ಜಾಣತನ ನಿಮಗೆ ಗೊತ್ತಿಲ್ಲ. ಭಾನುವಾರ ಈ ಕಡೆ ಬಂದಿದ್ದೆ, ಬಿಸಿಲು ತಡೀಲಾರದೆ ಒಳಗೆ ಬಂದೆ. ಕೋಣೆ ಖಾಲಿ. ಇದೇ ಕುರ್ಚಿ ಮೇಲೆ ಕೂತು ನನ್ನ ಫೋನ್ ತೆಗೆದ್ರೆ, ಇದೇ ಕುರ್ಚಿ ಮೇಲೆ ಕೂತು ಇವನು ಮಾತಾಡ್ತಿದ್ದಾನೆ! ಮುಗಿಯೋ ತನಕ ನೋಡಿ, ನಗ್ತಾ ನಗ್ತಾ ಬಸ್ಸು ಹತ್ತಿದೆ. ಅದು ಹೇಗೋ ಮಾಡಿದೆ, ಹೇಳೋ?” ತಾನು ಊರಲ್ಲಿ ಇಲ್ಲದಾಗ ಮೀನಿಗೆ ಆಹಾರ ಹಾಕಲೆಂದು ಎಂದೋ ಅಕ್ಕನಿಗೆ ಇನ್ನೊಂದು ಕೀಲಿ ಕೊಟ್ಟಿದ್ದು ಅವನಿಗೆ ಆಗ ನೆನಪಾಯಿತು. ಹೊಸ್ತಿಲು ದಾಟಿದ್ದ ಇನ್ಸ್‌ಪೆಕ್ಟರ್ ಮತ್ತೆ ಒಳಗೆ ಬಂದು, ಬಾಗಿಲು ಹಾಕಿಕೊಂಡು, “ಕೂತ್ಕೊಳಿಯಮ್ಮ, ನಿಧಾನವಾಗಿ ಹೇಳಿ,” ಎಂದರು.