ಎರವಲು ಸಾಕ್ಷಿ

"ನನ್ನನ್ನ ಬೇಡ ಅನ್ನೋಕೆ ಜ್ವರ ಯಾಕೆ ಬರಿಸ್ಕೋಬೇಕು, ಎಪ್ಸಿ? ಬಾಯಿಬಿಟ್ಟು ಹೇಳಿದ್ರೆ ಸಾಕಲ್ಲ."

ತೀತುಸ್ ಹೊಸ್ತಿಲಾಚೆ ನಿಂತೇ ಕೇಳಿದ. ಬಾಳೆಗೊನೆ ತುಂಬಿದ ಅವನ ಲಾರಿ ಬೀದಿಯಲ್ಲಿ ಗುರುಗುಟ್ಟುತ್ತಿತ್ತು.

ಎಪ್ಸಿಬಾ ತಲೆ ಎತ್ತಲಿಲ್ಲ. ಎತ್ತಿದರೆ ಆ ಕಣ್ಣು ನೋಡಬೇಕಾಗುತ್ತದೆ. ನಗುವಾಗ ಒಂದು ಚೂರು ಮೊದಲೇ ನಕ್ಕುಬಿಡುವ ಕಣ್ಣು, ಇವತ್ತು ನಗುತ್ತಿರಲಿಲ್ಲ.

ಅವರ ಕ್ರೈಸ್ತ ಸಭೆಯಲ್ಲಿ ದೀಕ್ಷಾಸ್ನಾನವಾಗದವರಿಗೆ ಮದುವೆಯಿಲ್ಲ. ಸ್ನಾನ ನಡೆಯುವುದು ತಾಮ್ರಪರ್ಣಿ ಹೊಳೆಯಲ್ಲಿ. ಅದಕ್ಕೂ ಮೊದಲು ದಂಡೆಯ ಮೇಲೆ ನಿಂತು, ದೇವರ ಒಳ್ಳೆಯತನವನ್ನು ತಾನು ಸ್ವತಃ ಹೇಗೆ ಕಂಡೆ ಎಂದು ಎಲ್ಲರೆದುರು ಸಾಕ್ಷಿ ಹೇಳಬೇಕು. ಸ್ನಾನದ ಭಾನುವಾರ ಎರಡು ಸಲ ಬಂದು ಹೋಗಿತ್ತು. ಎರಡು ಸಲವೂ ಎಪ್ಸಿಬಾ ಜ್ವರದಲ್ಲಿ ಮಲಗಿದ್ದಳು. ತೀತುಸನ ತಾಯಿ ಆಗಲೇ ಬೇರೆ ಹುಡುಗಿಯರ ಫೋಟೋ ನೋಡತೊಡಗಿದ್ದರು.

ಒಳಗಿನಿಂದ ಕಿರುಬೈ ಅತ್ತೆ ಕೂಗಿದಳು. ತಾಯಿಯಿಲ್ಲದ ಎಪ್ಸಿಬಾಳನ್ನು ಸಾಕಿದ ಸೋದರತ್ತೆ ಅವಳು. "ಏನೋ ತೀತುಸು, ನನ್ನ ಬಾಗಿಲಲ್ಲಿ ನಿಂತು ನನ್ನ ಹುಡುಗೀನೇ ಅಳಿಸ್ತೀಯಾ? ಬಾ, ಕಾಫಿ ಕುಡಿದು ಆಮೇಲೆ ಬೈಯಿ."

"ನಾನೆಲ್ಲಿ ಬೈದೆ ಅತ್ತೆ? ನಾನೇ ಅಳೋ ಹಾಗಿದೀನಿ."

"ಹೊಳೆ," ಎಂದಳು ಎಪ್ಸಿಬಾ. "ನೀವಲ್ಲ. ಹೊಳೆ ಅಂದ್ರೆ ಭಯ."

ಅವನು ಬಾಗಿಲ ಚೌಕಟ್ಟಿಗೆ ಕೈಯೂರಿದ.

"ಅಮ್ಮ ಬಟ್ಟೆ ಒಗೀತಿದ್ಲು. ಮೇಲಿಂದ ನೀರು ಬಂತು. ಅವಳ ಸೆರಗು ನನ್ನ ಕೈಲಿತ್ತು. ನಾನು... ಬಿಟ್ಬಿಟ್ಟೆ."

ತೀತುಸ್ ಬೀದಿಗೆ ಹೋದ. ಹೋಗಿಯೇಬಿಟ್ಟ ಎಂದುಕೊಂಡಳು. ಲಾರಿಯ ಸದ್ದು ನಿಂತಿತು. ಅವನು ತಿರುಗಿ ಬಂದು, ಹೊಸ್ತಿಲ ಕೆಳಗಿನ ಮೆಟ್ಟಿಲ ಮೇಲೆ ಕುಳಿತ.

"ಹಾಗಾದ್ರೆ ನನ್ನನ್ನ ಬೇಡ ಅಂತಲ್ಲ?"

"ಅಲ್ಲ."

"ಇನ್ನೊಂದು ಸಲ ಹೇಳು. ಲಾರಿ ಸದ್ದಿಗೆ ಕೇಳಿಸ್ಲಿಲ್ಲ."

"ಲಾರಿ ನಿಂತಿದೆ!"

ಈಗ ಕಣ್ಣು ಮೊದಲು ನಕ್ಕಿತು. ಅವಳ ಕಿವಿಯ ತುದಿ ಬಿಸಿಯಾಯಿತು. ಆದರೆ ಇನ್ನೊಂದು ಭಯವನ್ನು ಅವಳು ಅವನಿಗೂ ಹೇಳಲಿಲ್ಲ. ದಂಡೆಯ ಮೇಲೆ ಹೇಳಲು ಅವಳ ಬಳಿ ಸಾಕ್ಷಿಯೇ ಇರಲಿಲ್ಲ. ದೇವರನ್ನು ಕರೆದಿದ್ದಳು, ಅತ್ತಿದ್ದಳು. ಆ ಕಡೆಯಿಂದ ಒಂದು ಉಸಿರೂ ಕೇಳಿರಲಿಲ್ಲ. ಇದನ್ನು ಹೇಳಿದರೆ ಯಾವ ತಾಯಿ ತಾನೆ ಸೊಸೆ ಮಾಡಿಕೊಂಡಾಳು?

ಅತ್ತೆಗೆ ಮಾತ್ರ ಹೇಳಿದಳು. "ಅಷ್ಟೇನಾ?" ಎಂದಳು ಅತ್ತೆ. "ನಂದು ತಗೋ. ನನ್ನ ಹತ್ರ ಬೇಕಾದಷ್ಟಿದೆ."

ಭಾನುವಾರ ಹೊಳೆ ಮಣ್ಣಿನ ಬಣ್ಣದಲ್ಲಿ ಹರಿಯುತ್ತಿತ್ತು. ಎಪ್ಸಿಬಾ ಬಿಳಿ ಸೀರೆ ಉಟ್ಟು ದಂಡೆಯ ಮೇಲೆ ನಿಂತಳು. ಎದುರಿಗೆ ಸಭೆಯೆಲ್ಲ ಕುಳಿತಿತ್ತು, ಮುಂದೆಯೇ ತೀತುಸನ ತಾಯಿ.

"ನನ್ನ ಹೊಟ್ಟೇಲಿ ಕಲ್ಲಿತ್ತು," ಎಂದು ಶುರುಮಾಡಿದಳು. "ಡಾಕ್ಟರು ಕುಯ್ಯಲೇಬೇಕು ಅಂದಿದ್ರು. ರಾತ್ರಿಯೆಲ್ಲ ಪ್ರಾರ್ಥಿಸಿದೆ. ಬೆಳಿಗ್ಗೆ ನೋಡಿದ್ರೆ..."

"ಕಲ್ಲೇ ಇರ್ಲಿಲ್ಲ!" ಎಂದು ಮುದುಕಿಯೊಬ್ಬಳು ಅವಳಿಗಿಂತ ಮೊದಲೇ ಮುಗಿಸಿದಳು. "ಸ್ತೋತ್ರ! ಏ ಕಿರುಬೈ, ಇದು ನಿನ್ನ ಕಲ್ಲಲ್ವೇನೇ?"

ಯಾರೋ ಕಿಸಕ್ಕೆಂದರು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಎಪ್ಸಿಬಾ ತೀತುಸನನ್ನು ನೋಡಿದಳು. ಅವನು ನಗುತ್ತಿರಲಿಲ್ಲ, ದಾರಿ ಕಾಯುವವನ ಹಾಗೆ ಅವಳನ್ನೇ ನೋಡುತ್ತಿದ್ದ.

"ನನ್ನ ಹತ್ರ ಸಾಕ್ಷಿ ಇಲ್ಲ," ಎಂದಳು. "ಈ ಹೊಳೆ ನನ್ನ ಅಮ್ಮನ್ನ ತಗೊಂಡುಹೋಯ್ತು. ದೇವರು ಒಳ್ಳೆಯವನು ಅಂತ ನೀವೆಲ್ಲ ಹೇಳ್ತೀರಿ. ನಾನು ಕಂಡಿಲ್ಲ. ನನಗೆ ನೀರೂ ಭಯ, ಅವನೂ ಭಯ."

ತೀತುಸನ ತಾಯಿಯ ಮುಖ ಬಿಗಿಯಿತು.

ಸೊಂಟದವರೆಗೆ ನೀರಿನಲ್ಲಿ ನಿಂತಿದ್ದ ಮುದಿ ಪಾಸ್ಟರು ಕೇಳಿದರು, "ಮತ್ತೆ ಯಾಕಮ್ಮಾ ಬಂದೆ?"

"ಬಿಟ್ಟುಹೋಗೋಕೆ ಅದಕ್ಕಿಂತ ಭಯ, ಅಯ್ಯಾ."

ಪಾಸ್ಟರು ನೀರಿನಿಂದಲೇ ಅವಳತ್ತ ಕೈ ಚಾಚಿದರು. "ಮೊದಲು ಸಾಕ್ಷಿ, ಆಮೇಲೆ ನೀರು ಅನ್ನೋದು ನಾವು ಮಾಡ್ಕೊಂಡ ವಾಡಿಕೆ. ನಿನಗೆ ಮೊದಲು ನೀರು. ಮೇಲೆ ಬಂದು ಕಂಡಿದ್ದನ್ನ ಹೇಳು. ಏನೂ ಕಾಣ್ಲಿಲ್ಲಾಂದ್ರೆ ಕಾಣ್ಲಿಲ್ಲ ಅನ್ನು. ಬಾ ಮಗಳೇ."

ಪಾದಕ್ಕೆ ತಣ್ಣೀರು ತಗುಲಿತು, ಆಮೇಲೆ ಸೊಂಟಕ್ಕೆ. ಎರಡೂ ಕೈಯಿಂದ ಪಾಸ್ಟರ ಅಂಗಿಯನ್ನು ಬಿಗಿಯಾಗಿ ಹಿಡಿದಳು.

"ಕೈ ಎದೆ ಮೇಲೆ ಕಟ್ಕೋಬೇಕು."

"ಬಿಟ್ರೆ ಹೋಗ್ಬಿಡ್ತೀನಿ ಅಯ್ಯಾ!"

"ನೀನು ಬಿಡು. ಹಿಡಿಯೋ ಕೆಲಸ ನಂದು."

ಅವಳ ಬೆರಳುಗಳು ಒಂದೊಂದಾಗಿ ಸಡಿಲಿದವು. ಕೈ ಎದೆಗೆ ಬಂತು. ಆಕಾಶ ಓರೆಯಾಯಿತು; ಕಿವಿ ತುಂಬ ಹೊಳೆ ಮೊರೆಯಿತು.

ನೀರಿನೊಳಗೆ ಅವಳು ಅಮ್ಮನನ್ನು ಕೂಗಿಕೊಂಡಳು. ಮುಳುಗುತ್ತಿದ್ದೇನೆ ಎಂದುಕೊಂಡಳು. ಅವಳ ಕೈಯಲ್ಲಿ ಯಾವ ಸೆರಗೂ ಇರಲಿಲ್ಲ, ಏನೂ ಇರಲಿಲ್ಲ. ಆದರೂ ಅವಳು ಕೆಳಗೆ ಹೋಗುತ್ತಿರಲಿಲ್ಲ. ಆ ಭಯದ ನಡುಮಧ್ಯೆ ಯಾವುದೋ ಒಂದು ಒಳ್ಳೆಯದು ಬಂದು ಅವಳ ಪಕ್ಕದಲ್ಲಿ ನಿಂತಿತು. ಬೆನ್ನ ಕೆಳಗಿನ ಅಂಗೈ ಪಾಸ್ಟರದು, ಪಕ್ಕದಲ್ಲಿ ನಿಂತದ್ದು ಅವರಲ್ಲ. ಅದು, ಸೆರಗು ಯಾಕೆ ಬಿಟ್ಟೆ ಎಂದು ಅವಳನ್ನು ಕೇಳಲಿಲ್ಲ.

ಮೇಲೆದ್ದಾಗ ಅವಳು ಕೆಮ್ಮುತ್ತ, ಅಳುತ್ತ, ನಡುಗುತ್ತಿದ್ದಳು.

"ನಾನು ಯಾರನ್ನೂ ಹಿಡಿದಿರಲಿಲ್ಲ," ಎಂದಳು ದಂಡೆಗೆ ಮುಖಮಾಡಿ. "ನನ್ನನ್ನ ಹಿಡಿದಿದ್ರು. ಅಷ್ಟೇ ಗೊತ್ತು."

"ಸ್ತೋತ್ರ," ಎಂದರು ಯಾರೋ, ಮೆಲ್ಲಗೆ.

ಆಗ ಕಂಡಿತು. ತೀತುಸ್ ಹೊಸ ಪ್ಯಾಂಟು, ಷೂಗಳ ಸಮೇತ ಮೊಣಕಾಲಿನವರೆಗೆ ನೀರಿನಲ್ಲಿ ನಿಂತಿದ್ದ. ಯಾವಾಗ ಇಳಿದನೋ ಅವನಿಗೇ ತಿಳಿದಿರಲಿಲ್ಲ.

"ಇನ್ನೂ ಭಯಾನಾ?" ಎಂದ.

"ಇದೆ. ನಿಮಗೆ?"

"ನೀನು ಒಳಗಿದ್ದಾಗ ಸತ್ತೇಹೋಗಿದ್ದೆ." ಅವನ ದನಿ ಒಡೆಯಿತು. "ನಿನ್ನನ್ನ ಅಷ್ಟು ಇಷ್ಟಪಡ್ತೀನಿ ಅಂತ ನನಗೂ ಗೊತ್ತಿರ್ಲಿಲ್ಲ, ಎಪ್ಸಿ."

"ನಿಮ್ಮಮ್ಮ ನೋಡ್ತಿದಾರೆ."

ನೋಡುತ್ತಿದ್ದರು. ಎದ್ದು ಬಂದರು. ಕೈಯಲ್ಲಿದ್ದ ಟವೆಲನ್ನು ಎಪ್ಸಿಬಾಳ ತಲೆಗೆ ಹಾಕಿ ಗಟ್ಟಿಯಾಗಿ ಒರೆಸತೊಡಗಿದರು. ಅವರ ಕಣ್ಣೂ ಒದ್ದೆಯಾಗಿತ್ತು.

"ಇಷ್ಟು ಜನರ ಮುಂದೆ ನಿಜ ಹೇಳ್ತಾಳೆ ಈ ಹುಡುಗಿ," ಎಂದು ಗೊಣಗಿದರು. "ಇನ್ನು ಮನೆಗೆ ಬಂದಮೇಲೆ ನನ್ನ ಮೀನು ಸಾರಿನ ಗತಿ ಏನೋ, ಅಯ್ಯೋ ಕರ್ತನೇ!"