ಮರಿ ದೊಡ್ಡಿಗೆ ಹಚ್ಚಿದ ಮುಳ್ಳು

ಸೋಮವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ ಠಾಣೆಗೆ ಬಂದ ದೂರು ಒಂದು ಟಂಟಂ ಗಾಡಿಯ ತುಂಬ ಒದರುತ್ತಿತ್ತು. ಸಿಂದಗಿ ತಾಲೂಕಿನ ಮೋರಟಗಿ ಹೊಲಗಳಲ್ಲಿ ಕುರಿ ತರುಬಿ ಬಿಡಾರ ಹೂಡಿದ್ದ ತಿಪ್ಪವ್ವ ಗಾಡಿಯ ಹಿಂದಿನ ಹಲಗೆ ಬಿಚ್ಚಿದಳು. ಎಳೆಯ ಮರಿಗಳು ಒಂದರ ಮೇಲೊಂದು ಉರುಳಿ, ಮೆಟ್ಟಿಲು ಹತ್ತಿ, ಎದುರಿಗೆ ಸಿಕ್ಕ ಮೇಜಿನ ಕಾಲುಗಳನ್ನೆಲ್ಲ ಚೀಪತೊಡಗಿದವು.

“ಇವುಗಳ ತಾಯಂದ್ರನ್ನ ಹುಡುಕಿ ಕೊಡ್ರಿ ಸಾಹೇಬ್ರ. ಇಲ್ಲಾಂದ್ರ ಇವನ್ನೂ ನೀವ ಇಟಗೋರ್ರಿ” ಎಂದಳು ತಿಪ್ಪವ್ವ. ಅವಳ ಕಣ್ಣಲ್ಲಿ ನೀರಿರಲಿಲ್ಲ.

ಪಿಎಸ್‌ಐ ಸುಮೇಧಾ ಕುರ್ಚಿಯಿಂದ ಎದ್ದು ಬಂದಳು. ಇಂಡಿ ಊರಿನ ಶಾಲಾ ಮಾಸ್ತರರ ಮಗಳು. ಈ ಠಾಣೆಗೆ ಬಂದು ನಾಲ್ಕು ತಿಂಗಳು. ಯಾವ ಪ್ರಕರಣವನ್ನಾದರೂ ಹತ್ತು ಕಡೆಯಿಂದ ತಿರುವಿ ನೋಡದೆ ಜೀಪು ಹತ್ತುವವಳಲ್ಲ. ಒಂದು ವರದಿ ಬರೆಯಲು ಮೂರು ಹಾಳೆ ಹರಿಯುತ್ತಿದ್ದಳು. ಸಿಬ್ಬಂದಿ ತನ್ನನ್ನು ‘ಅಳೆದು ಸುರಿಯೋ ಮೇಡಂ’ ಅನ್ನುತ್ತಾರೆಂಬುದು ಅವಳಿಗೂ ಗೊತ್ತಿತ್ತು.

ತಿಪ್ಪವ್ವ ನಡೆದದ್ದನ್ನು ಹೇಳಿದಳು. ರಾತ್ರಿ ಮೊಮ್ಮಗಳಿಗೆ ಜ್ವರವೆಂದು ಅವಳು ಊರೊಳಗೆ ಹೋಗಿದ್ದಳು, ನಾಯಿಯೂ ಬೆನ್ನು ಹತ್ತಿ ಬಂದಿತ್ತು. ಹೊಲದಲ್ಲಿ ಕಾವಲಿಗಿದ್ದವನು ಕಿವಿ ಮಂದವಾದ ಅವಳ ಅಣ್ಣ. ನಸುಕಿಗೆ ಬಂದು ನೋಡಿದರೆ ಹಾಲೂಡುವ ತಾಯಿಕುರಿಗಳೆಲ್ಲ ಇಲ್ಲ. ಬೇರೆ ದೊಡ್ಡಿಯಲ್ಲಿ ಕೂಡಿದ್ದ ಮರಿಗಳಷ್ಟೇ ಉಳಿದಿವೆ. ಗಂಡ ತೀರಿದ ಮೇಲೆ ಒಂದೊಂದೇ ಕುರಿ ಕೂಡಿಸಿ ಕಟ್ಟಿದ ಹಿಂಡು ಅದು.

ಹೆಡ್ ಕಾನ್‌ಸ್ಟೇಬಲ್ ಹಣಮಂತ್ರಾಯ ಒಂದು ಮರಿಯ ಬಾಯೊಳಗೆ ಬೆರಳಿಟ್ಟು ನೋಡಿದ. ಸಂಜೆಯೊಳಗೆ ಹಾಲು ಸಿಗದಿದ್ದರೆ ಸಣ್ಣವು ಉಳಿಯುವುದಿಲ್ಲ ಎಂದ. ಕಳ್ಳತನದ ಎಫ್‌ಐಆರ್ ದಾಖಲಾಯಿತು.

ಎಂಟು ಗಂಟೆಗೆ ಹೊಲದಲ್ಲಿ ಸ್ಥಳ ಪಂಚನಾಮೆ. ರಸ್ತೆಯ ತನಕ ಕುರಿಗಳ ಗೊರಸು, ಅಲ್ಲಿಂದ ಪಿಕಪ್ ಗಾಡಿಯ ಗಾಲಿ ಗುರುತು. ಕುರಿಗಳ ದೊಡ್ಡಿಯ ಬಾಯಿ ಪೂರಾ ತೆರೆದು ಬಿದ್ದಿತ್ತು. ಸುಮೇಧಾ ಮಾತ್ರ ಮರಿಗಳ ದೊಡ್ಡಿಯ ಮುಂದೆಯೇ ಬಹಳ ಹೊತ್ತು ಕೂತಳು.

“ಮುಂಜಾನೆ ನೀವು ಬಂದಾಗ ಈ ಮುಳ್ಳು ಹಿಂಗ ಇತ್ತೇನು?”

“ಹೌದ್ರಿ. ಎಳದು ಮರಿ ತಗೊಂಡು, ಮತ್ತ ಹಂಗ ಹಚ್ಚೀನಿ.”

ದೊಡ್ಡಿಯ ಬಾಯಿಗೆ ಜಾಲಿ ಮುಳ್ಳಿನ ಎರಡು ಟೊಂಗೆ. ಬುಡ ಒಳಗೆ, ತುದಿ ಹೊರಗೆ. ತೋಳ ಮೂತಿ ಹಾಕದಂತೆ ಕುರಿಗಾರರು ಹಚ್ಚುವ ರೀತಿ. ಆದರೆ ರಾತ್ರಿ ಅಲ್ಲಿ ಮುಳ್ಳು ಇರಲಿಲ್ಲ. ಅಣ್ಣ ಬರೀ ಹಲಗೆ ಇಟ್ಟು ಮಲಗಿದ್ದನಂತೆ. ಅಂದರೆ ಕಳ್ಳ ತಾಯಂದಿರನ್ನು ಗಾಡಿಗೆ ಏರಿಸಿ, ತಿರುಗಿ ಬಂದು, ಮರಿಗಳನ್ನು ತೋಳ ಒಯ್ಯಬಾರದೆಂದು ಮುಳ್ಳು ಹಚ್ಚಿ ಹೋಗಿದ್ದ.

“ಈ ಹಿಂಡಿನ್ಯಾಗ ಬೆಳೆದವ್ರು ಯಾರಿದ್ದಾರ?”

“ನಮ್ಮ ಮಂದಿ ಕದಿಯಂಗಿಲ್ರಿ” ಎಂದು ತಿಪ್ಪವ್ವ ಸೆಟೆದು ನಿಂತಳು. ಬಿಡಿಸಿ ಕೇಳಿದಾಗ ಹೇಳಿದಳು: ಮೈದುನನ ಮಗ ಬೀರಣ್ಣ ಚಿಕ್ಕಂದಿನಿಂದ ಈ ಕುರಿಗಳ ಹಿಂದೆ ಅಡ್ಡಾಡಿದವನು. ಮದುವೆಯಾದ ಮೇಲೆ ಬಸವನ ಬಾಗೇವಾಡಿಯಲ್ಲಿ ಪಿಕಪ್ ಓಡಿಸುತ್ತಾನೆ. ಮೊನ್ನೆ ಹುಣ್ಣಿಮೆಗೆ ಬಂದಿದ್ದ. ಹೊಟ್ಟೆಯಲ್ಲಿ ಅಡ್ಡ ಸಿಕ್ಕ ಒಂದು ಮರಿಯನ್ನು ಅವನೇ ಎಳೆದು ತೆಗೆದ, ಅದಕ್ಕೇ ಅದರ ಹಿಂಗಾಲು ಸೊಟ್ಟ. ಅಂಥ ಹುಡುಗನ ಮೇಲೆ ಸಂಶಯಪಟ್ಟರೆ ನಾಲಿಗೆ ಉದುರೀತು.

ಠಾಣೆಗೆ ಮರಳಿದ ಮೇಲೆ ಬಾಗೇವಾಡಿಗೆ ಫೋನ್ ಹೋಯಿತು. ಬೀರಣ್ಣ ರಾತ್ರಿ ಮನೆಗೆ ಬಂದಿಲ್ಲ, ಗಾಡಿಯೂ ಇಲ್ಲ, ಮೊಬೈಲ್ ಬಂದ್. ಸಿಂದಗಿಯ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ನಸುಕಿಗೆ ತಾಡಪಲ್ ಹೊದಿಸಿದ ಮೂರು ಪಿಕಪ್‌ಗಳು: ಒಂದು ಮುದ್ದೇಬಿಹಾಳದ ಕಡೆ, ಒಂದು ಬಾಗೇವಾಡಿಯ ಕಡೆ, ಒಂದು ತಾಂಬಾ ಹಾಯ್ದು ಇಂಡಿಯ ಕಡೆ. ಒಂದರ ನಂಬರೂ ಕಾಣುತ್ತಿಲ್ಲ.

ಸುಮೇಧಾ ಹಾಳೆ ತೆಗೆದು ಮೂರು ಗೆರೆ ಎಳೆದಳು. ಮನೆ ಇರುವುದು ಬಾಗೇವಾಡಿಯಲ್ಲಿ, ಆದರೆ ಕದ್ದದ್ದನ್ನು ಸ್ವಂತ ಬಾಗಿಲಿಗೆ ಯಾರು ತರುತ್ತಾರೆ? ಮುದ್ದೇಬಿಹಾಳದಲ್ಲಿ ಸಂತೆ ಇಂದು ಇಲ್ಲ. ತಾಂಬಾ ಆಚೆ ಸೊಲ್ಲಾಪುರದ ಲಾರಿಗಳಿಗೆ ಕುರಿ ಕೂಡಿಡುವ ಒಂದು ಶೆಡ್ ಇದೆ ಎಂದು ಹಣಮಂತ್ರಾಯ ಹೇಳಿದ. ಲೆಕ್ಕ ಅತ್ತ ವಾಲುತ್ತಿತ್ತು, ಖಾತ್ರಿ ಇರಲಿಲ್ಲ. ಮೊಬೈಲ್ ಟವರಿನ ಮಾಹಿತಿ ಬರಲು ಸಂಜೆಯಾಗುತ್ತದೆ. ತಾಂಬಾ ಬೇರೆ ಠಾಣೆಯ ಹದ್ದಿಗೆ ಸೇರಿದ್ದು. ಸಿಪಿಐ ಸಾಹೇಬರು ಫೋನಿನಲ್ಲಿ, ಸಿಕ್ಕರೆ ಒಳ್ಳೇದು, ಸಿಗದಿದ್ದರೆ ಮೇಲಿನವರಿಗೆ ಉತ್ತರ ನೀವೇ ಕೊಡಬೇಕು ಎಂದರು. ಅವಳು ನಾಲ್ಕನೆಯ ಗೆರೆ ಎಳೆದಳು.

ಮೇಜಿನ ಕೆಳಗೆ ಸೊಟ್ಟ ಕಾಲಿನ ಮರಿ ಅವಳ ಬೂಟಿನ ದಾರ ಚೀಪುತ್ತಿತ್ತು. ಬೆಳಿಗ್ಗೆ ಒದರುತ್ತಿದ್ದದ್ದು ಈಗ ಬರೀ ಬಾಯಿ ತೆರೆಯುತ್ತಿತ್ತು, ದನಿ ಬರುತ್ತಿರಲಿಲ್ಲ.

ಬಾಗಿಲಲ್ಲಿ ನಿಂತ ಹಣಮಂತ್ರಾಯ ಗಂಟಲು ಸರಿಮಾಡಿಕೊಂಡ. “ಒಂದ ಮಾತ್ರಿ ಮೇಡಂ. ಹದ ನೋಡಿ ಬಿತ್ತಬೇಕು, ಖರೇ. ಆದ್ರ ಹದ ನೋಡಕೋತ ಕುಂತ್ರ ಹದಾನ ಹೋಗತೈತ್ರಿ.”

ಸುಮೇಧಾ ಹಾಳೆಯನ್ನೊಮ್ಮೆ ನೋಡಿದಳು. ತಿಳಿಯಬೇಕಾದದ್ದೆಲ್ಲ ಮೂರು ಗೆರೆಯಲ್ಲೇ ತಿಳಿದಿತ್ತು. ನಾಲ್ಕನೆಯದು ಬರೀ ಅಂಜಿಕೆ. ಪೆನ್ನಿನ ಟೊಪ್ಪಿಗೆ ಹಾಕಿದಳು.

“ಇಂಡಿ ಕಡೆ ಠಾಣೆಗೆ ಫೋನ್ ಮಾಡ್ರಿ, ಡೈರಿಯೊಳಗ ಬರೀರಿ. ತಿಪ್ಪವ್ವನ್ನ ಕರ್‍ಕೋರಿ. ಮರಿಗಳನ್ನ ಜೀಪಿಗೆ ಹತ್ತಸ್ರಿ.”

“ಜೀಪಿಗಾ?”

“ನನ್ನ ಸೀಟಿನ ಮ್ಯಾಲೂ.”

ಹನ್ನೊಂದು ಗಂಟೆಗೆ ಶೆಡ್ ಮುಂದೆ ಜೀಪು ನಿಂತಿತು. ಅಲ್ಲಿನ ಠಾಣೆಯ ಒಬ್ಬ ಕಾನ್‌ಸ್ಟೇಬಲ್, ತಾಂಬಾದ ಇಬ್ಬರು ಪಂಚರು ಕಾದಿದ್ದರು. ಒಳಗೆ ನೂರಾರು ಕುರಿ, ಮೂಲೆಯಲ್ಲಿ ಒಂದು ಪಿಕಪ್. ಲಾರಿ ಮಧ್ಯಾಹ್ನಕ್ಕೆ ಬರುವುದಿತ್ತು. ಚಾಲಕ ಎಲ್ಲಿ ಎಂದರೆ, ಚಹಾ ಕುಡಿಯಲು ಹೋಗಿದ್ದಾನೆ ಎಂದ ದಲಾಲಿ. ತಿಪ್ಪವ್ವ ಕುರಿಗಳ ಬೆನ್ನಿಗೆ ಹಾಕಿದ್ದ ಕೆಂಪು ಗುರುತಿನ ಮೇಲೆ ಯಾರೋ ಹಸಿ ನೀಲಿ ಬಳಿದಿದ್ದರು. ಕಿವಿಯ ಕಚ್ಚು ಅರ್ಧ ಜಿಲ್ಲೆಯ ಕುರಿಗಳಿಗೆ ಇರುವಂಥದೇ.

“ಬಜಾರಿನ್ಯಾಗ ತಗೊಂಡ ಮಾಲ್ರೀ ಇದು” ದಲಾಲಿ ನಕ್ಕ. “ಇದು ತಿಪ್ಪವ್ವಂದ ಅಂತ ಕುರಿ ಬಾಯಿ ಬಿಟ್ಟು ಹೇಳತೈತೇನ್ರಿ?”

“ಹೇಳ್ತದ” ಎಂದು ಸುಮೇಧಾ ಜೀಪಿನ ಬಾಗಿಲು ತೆರೆದಳು.

ಮರಿಗಳು ಧುಮುಕಿದವು. ಒಂದು ಒದರಿತು, ಶೆಡ್ಡಿನ ನಡುವಿಂದ ಒಂದು ತಾಯಿ ಉತ್ತರ ಕೊಟ್ಟಿತು. ಆಮೇಲೆ ಯಾರ ಮಾತೂ ಯಾರಿಗೂ ಕೇಳಲಿಲ್ಲ. ನೂರಾರು ಕುರಿಗಳ ಕಾಲ ಸಂದಿಯಲ್ಲಿ ನುಸುಳಿ ಪ್ರತಿ ಮರಿಯೂ ಒಂದೇ ಒಂದು ಕುರಿಯ ಕೆಚ್ಚಲಿಗೆ ಬಾಯಿ ಹಾಕಿತು. ಆ ಕುರಿ ಬಾಲದ ಬುಡ ಮೂಸಿ ಕಾಲಗಲಿಸಿ ನಿಂತಿತು. ತಪ್ಪಿ ಹೋದ ಮರಿಯನ್ನು ಪರ ಕುರಿ ತಲೆಯಿಂದ ಗುದ್ದಿ ಓಡಿಸಿತು. ಹಾಲು ಕುಡಿಸುವ ಕುರಿಗಳಿಗೆಲ್ಲ ಹಸಿ ನೀಲಿ ಬಣ್ಣ. ಪಂಚರಲ್ಲೊಬ್ಬ ರುಮಾಲು ಬಿಚ್ಚಿ ಕಣ್ಣೊರೆಸಿಕೊಂಡ. ದಲಾಲಿ ನಗಲಿಲ್ಲ.

ಸೊಟ್ಟ ಕಾಲಿನ ಮರಿ ಮಾತ್ರ ಒಂಟಿಯಾಗಿ ಉಳಿಯಿತು. ಒಂದು ಕುರಿ ಗುದ್ದಿತು, ಬಿತ್ತು. ಎದ್ದು ಇನ್ನೊಂದರ ಹತ್ತಿರ ಹೋಯಿತು, ಅದೂ ಗುದ್ದಿತು. ತಿಪ್ಪವ್ವ ಎತ್ತಿಕೊಳ್ಳಲು ಬಾಗಿದಳು. ಸುಮೇಧಾ ಅವಳ ರಟ್ಟೆ ಹಿಡಿದು, ತಡೀರಿ ಎಂದಳು. ಅವಳ ಕಣ್ಣು ಮರಿಯ ಮೇಲಿರಲಿಲ್ಲ, ಮೂಲೆಯಲ್ಲಿದ್ದ ಜೋಳದ ಕಣಿಕೆಯ ಬಣವೆಯ ಮೇಲಿತ್ತು. ಮುಳ್ಳು ಹಚ್ಚಿದ ಕೈ ದೂರ ಹೋಗಿರುವುದಿಲ್ಲ ಎಂಬುದು ಅವಳ ಲೆಕ್ಕ.

ಮರಿ ಮೂರನೆಯ ಸಲ ಬಿತ್ತು. ಬಣವೆಯ ಹಿಂದಿನಿಂದ ಒಬ್ಬ ಎದ್ದು ಬಂದ. ಪೊಲೀಸರನ್ನು ನೋಡಲಿಲ್ಲ, ದೊಡ್ಡವ್ವ ತಿಪ್ಪವ್ವನನ್ನೂ ನೋಡಲಿಲ್ಲ. ಮರಿಯನ್ನು ಎತ್ತಿ, ಗೋಡೆಯ ಬದಿಯ ಕೆಂಚು ಕುರಿಯ ಹತ್ತಿರ ಕೂತು, ಕೆಚ್ಚಲನ್ನು ಅದರ ಬಾಯಿಗೆ ಹಿಡಿದ. ಮರಿ ಬಾಲ ಅಲ್ಲಾಡಿಸಿತು. ಆಗ ತಲೆ ಎತ್ತಿದ.

“ಬೀರಣ್ಣ ನೀನೇನು?” ಸುಮೇಧಾ ಕೇಳಿದಳು.

“ಹೌದ್ರಿ.”

“ಮುಳ್ಳು ಹಚ್ಚಿದಾವ?”

ಮರಿಯ ಬೆನ್ನು ಸವರುತ್ತ ಹೇಳಿದ: “ತೋಳದ ಕಾಟ ಐತ್ರಿ ಅಲ್ಲಿ.”

ಹನ್ನೊಂದೂ ಮುಕ್ಕಾಲಿಗೆ ಬಂಧನ. ಗೊತ್ತಿದ್ದೇ ಮಾಲು ಕೊಂಡ ದಲಾಲಿಯೂ ಜೀಪು ಹತ್ತಿದ. ಕುರಿಗಳ ಜಪ್ತಿ ಪಂಚನಾಮೆಯಲ್ಲಿ, ಯಾವ ಮರಿ ಯಾವ ಕುರಿಯ ಹಾಲು ಕುಡಿಯಿತೆಂದು ಹಣಮಂತ್ರಾಯ ಒಂದೂ ಬಿಡದೆ ಬರೆಸಿದ.

ಬೀರಣ್ಣನ ಹೇಳಿಕೆ ಸಣ್ಣದು. ಮದುವೆಯಾದ ಮೇಲೆ ಅವನಿಗೊಂದು ಹಿಂಡು ಮಾಡಿಕೊಡುತ್ತೇನೆಂದು ದೊಡ್ಡವ್ವ ಅಂದಿದ್ದಳು. ಆರು ವರ್ಷ ಕಳೆಯಿತು. ಅವಳು ನೆನಪಿಸಲಿಲ್ಲ, ಅವನು ಕೇಳಲಿಲ್ಲ. ಈ ದೀಪಾವಳಿಗೆ ಕೇಳೋಣ, ಬರುವ ಯುಗಾದಿಗೆ ಕೇಳೋಣ, ಏನೆಂದುಕೊಂಡಾಳೋ ಎಂದು ವಿಚಾರ ಮಾಡುತ್ತಲೇ ಇದ್ದ. ವಿಚಾರ ಹಳಸಿ ಸಿಟ್ಟಾಯಿತು.

ತಿಪ್ಪವ್ವ ಅವನ ಮುಂದೆ ನಿಂತಳು. “ಬಾಯಿ ಬಿಟ್ಟು ಒಂದ ಮಾತ ಕೇಳಿದ್ರ ಎತ್ತಿ ಕೊಡತಿದ್ನೆಲ್ಲೋ.” ಆಮೇಲೆ ಸುಮೇಧಾಳ ಕಡೆ ತಿರುಗಿದಳು. “ಕೇಸ್ ಬಿಡಬ್ಯಾಡ್ರಿ ಸಾಹೇಬ್ರ. ಕದ್ದದ್ದು ಕದ್ದದ್ದ. ಅವ ಹೊರಗ ಬರೂತನಾ ಅವನ ಪಾಲು ನನ್ನ ಹಿಂಡಿನ್ಯಾಗ ಮೇಯ್ತಿರತೈತಿ. ಕೊಟ್ಟ ಮಾತು ಮರತದ್ದು ನಾನು.”

ಸಂಜೆ ಹಣಮಂತ್ರಾಯ ಸುತ್ತಲಿನ ಠಾಣೆಗಳಿಗೆಲ್ಲ ಫೋನ್ ಮಾಡಿದ. ಪ್ರತಿ ಸಲವೂ ಮಾತು ‘ನಮ್ಮ ಮೇಡಂ’ ಎಂದೇ ಶುರುವಾಗುತ್ತಿತ್ತು. ‘ಅಳೆದು ಸುರಿಯೋ’ ಎಂಬ ಮಾತು ಯಾವ ಫೋನಿನಲ್ಲೂ ಬರಲಿಲ್ಲ. ಮರಿಗಳು ಹಿಕ್ಕೆ ಹಾಕಿದ್ದ ಜೀಪಿನ ಸೀಟು ತೊಳೆಯಲು ಹೋದ ಕಾನ್‌ಸ್ಟೇಬಲ್‌ನನ್ನು, ನಾಳೆ ತೊಳೆದರಾಯಿತು, ಮಂದಿ ನೋಡಲಿ ಎಂದು ತಡೆದ.

ಒಳಗೆ ಸುಮೇಧಾ ಕೇಸ್ ಡೈರಿ ಬರೆಯುತ್ತಿದ್ದಳು. ಅಪರಾಧದ ಕಾರಣ ಎಂಬಲ್ಲಿ ಬಂದಾಗ ಪೆನ್ನು ತುಸು ನಿಂತಿತು. ನಂತರ ಬರೆದಳು: ‘ಕೇಳಬೇಕಾದ ಒಂದು ಮಾತನ್ನು ಆರೋಪಿಯು ಆರು ವರ್ಷ ಕೇಳದೆ ಇದ್ದದ್ದು.’ ಓದಿ ನೋಡಿದಳು. ಹಾಳೆ ಹರಿಯಲಿಲ್ಲ.